ಬಾಯ್ಲರ್ ರೂಮಿನಿಂದ ಕಂಡ ಯುದ್ಧ

ಒಂದೇ ಕಥೆಯನ್ನು ಎರಡು ಸಲ ಒಂದೇ ರೀತಿ ಹೇಳುವವರನ್ನು ಕಂಡರೆ ನನಗೆ ಅನುಮಾನ. ಅವರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಈ ಲೆಕ್ಕದಲ್ಲಿ ಅರಸೀಕೆರೆಯ ನನ್ನ ಮಾವ ಪರಮ ಪ್ರಾಮಾಣಿಕರು. ತೆಂಗಿನ ತೋಟಕ್ಕೆ ಮರಳುವ ಮೊದಲು ಅವರು ನೌಕಾದಳದ ಒಂದು ಡೆಸ್ಟ್ರಾಯರ್ ಹಡಗಿನಲ್ಲಿದ್ದವರು. ಯುದ್ಧದ ರಾತ್ರಿ ಆ ಹಡಗು ಹಗರೆಯ ನೆಂಟರ ಮುಂದೆ ಶತ್ರುಗಳ ಒಂದು ಹಡಗನ್ನು ಮುಳುಗಿಸಿದರೆ, ಬೇಲೂರಿನ ಬೀಗರ ಮುಂದೆ ಎರಡನ್ನು ಮುಳುಗಿಸುತ್ತಿತ್ತು. ಬೀಗರಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಹಡಗಿನ ಬಾಳು ಮಾತ್ರ ನಮ್ಮ ನಿಮ್ಮ ಸರ್ವಿಸಿನ ಹಾಗೆಯೇ. ಯುದ್ಧಕ್ಕೆ ಹೋಗಿಬಂತು, ವರ್ಷಗಟ್ಟಲೆ ಕರಾವಳಿ ಕಾಯಿತು, ವಯಸ್ಸಾದ ಮೇಲೆ ಹೊಸ ಹುಡುಗರಿಗೆ ತರಬೇತಿ ಕೊಟ್ಟಿತು, ನಿವೃತ್ತಿಯಾಯಿತು. ಈಗ ದೂರದ ಬಂದರಿನಲ್ಲಿ ಅದನ್ನು ದಡಕ್ಕೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಫಿರಂಗಿಗೆ ಒರಗಿ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಒಂದು ದಿನ, ನಾವು ಅರಸೀಕೆರೆಯಲ್ಲಿದ್ದಾಗ, ಮಾವನಿಗೆ ಫೋನ್ ಬಂತು. ಹಳೆಯ ಸಿಬ್ಬಂದಿಯ ನೆನಪುಗಳನ್ನು ವಿಡಿಯೊ ಮಾಡಿ ಹಡಗಿನಲ್ಲೇ ತೋರಿಸುತ್ತಾರಂತೆ. ಅದಕ್ಕೆ ನಾಳೆ ಮನೆಗೇ ಬರುತ್ತಾರಂತೆ, ಜೊತೆಗೆ ಅದೇ ಹಡಗಿನಲ್ಲಿದ್ದ ಹಳೇಬೀಡಿನ ರುದ್ರಪ್ಪನವರನ್ನೂ ಕರೆತರುತ್ತಾರಂತೆ.

ಮಾವ ಅರ್ಧ ಊಟಕ್ಕೇ ಕೈ ತೊಳೆದರು. ಹಳೇಬೀಡಿನ ಮದುವೆಗಳಿಗೆಲ್ಲ ಅವರು ಅತ್ತೆಯೊಬ್ಬರನ್ನೇ ಕಳಿಸುತ್ತಿದ್ದುದು ಏಕೆಂದು ಆಗ ನನಗೆ ಹೊಳೆಯಿತು.

ನನ್ನ ಹೆಂಡತಿ ಗಿರಿಜೆ ಅಡುಗೆಮನೆಗೆ ಕರೆದು, "ರೀ, ಬೀದಿಯೋರ ಎದುರಿಗೆ ಅಪ್ಪನ ಕಥೆ ಸುಳ್ಳು ಅಂತ ಆಗ್ಬಿಟ್ರೆ ಅವರು ಇನ್ನು ತಲೆ ಎತ್ತಿ ಓಡಾಡಲ್ಲ. ಏನಾದ್ರೂ ಮಾಡ್ರೀ" ಎಂದಳು. ಮನೆಯಲ್ಲಿ ಏನೋ ಬರೆಯುವವನು ನಾನೊಬ್ಬನೇ ಆದ್ದರಿಂದ ಇಂಥ ರಿಪೇರಿಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಮುಳುಗುವ ಹಡಗನ್ನು ಒಂದಕ್ಕೆ ಇಳಿಸಿಕೊಂಡರೆ ಕ್ಷೇಮವೆಂದು ಮಾವನಿಗೆ ಮೆಲ್ಲಗೆ ಸೂಚಿಸಿದೆ. ಅವರು ನನ್ನನ್ನು ನೋಡಿದ ರೀತಿಗೆ ನಾನೇ ಮುಳುಗಿಹೋದೆ. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಅವರು ಕೆನ್ನೆ ಕೊಯ್ದುಕೊಂಡರು.

ಮ್ಯೂಸಿಯಂನ ಹುಡುಗಿ ಪಡಸಾಲೆಯಲ್ಲಿ ಕ್ಯಾಮೆರಾ ನಿಲ್ಲಿಸಿದಳು. ಬಾಗಿಲ ತುಂಬ ಬೀದಿಯ ಜನ. ರುದ್ರಪ್ಪನವರು ಮಾವನ ಎದುರು ಕುರ್ಚಿಯಲ್ಲಿ ಬಿಗಿಯಾಗಿ ಕೂತರು. ಅಷ್ಟು ವರ್ಷಗಳ ಮೇಲೆ ಕಂಡವರು, ನಗಲೂ ಇಲ್ಲ. ಯುದ್ಧದ ರಾತ್ರಿ ಏನೇನು ನೋಡಿದಿರಿ ಎಂದು ಹುಡುಗಿ ಕೇಳಿದಳು. ಮಾವ ಗಂಟಲು ಸರಿಮಾಡಿಕೊಂಡರು, ರುದ್ರಪ್ಪನವರ ಕಡೆ ನೋಡಿದರು, ಮತ್ತೆ ಗಂಟಲು ಸರಿಮಾಡಿಕೊಂಡರು. ಗಿರಿಜೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

"ನೋಡಿದ್ದು ಏನೂ ಇಲ್ಲ ಕಣಮ್ಮ," ಎಂದರು ಮಾವ. "ನಾವಿಬ್ರೂ ಕೆಳಗೆ ಬಾಯ್ಲರ್ ರೂಮಲ್ಲಿ. ಅಲ್ಲಿ ಕಿಟಕಿ ಎಲ್ಲಿಂದ ಬರ್ಬೇಕು? ಮೇಲೆ ಫಿರಂಗಿ ಹಾರಿದ್ರೆ ಅಟ್ಟದ ಮೇಲೆ ಒಣಗಿದ ಕಾಯಿ ಉರುಳ್ದಂಗೆ ಕೇಳೋದು. ಹೊಡೀತಿರೋರು ನಾವೋ ಅವರೋ ಅನ್ನೋದೂ ಗೊತ್ತಾಗ್ತಿರ್ಲಿಲ್ಲ. ಮಿಕ್ಕಿದ್ದೆಲ್ಲ ಮೇಲಿನೋರು ಇಳಿದು ಬಂದು ಹೇಳಿದ್ದು."

ರುದ್ರಪ್ಪನವರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಏನ್ಲಾ ಹಿಂಗ್ ಮಾಡ್ಬುಟ್ಟೆ," ಎಂದರು. "ನಮ್ಮೂರಲ್ಲಿ ನಾನು ಮೂರು ಮುಳುಗ್ಸಿವ್ನಿ."

ಮೊದಲು ನಕ್ಕದ್ದು ಯಾರೋ ತಿಳಿಯದು. ಹುಡುಗಿ ಕ್ಯಾಮೆರಾ ನಿಲ್ಲಿಸಲೇ ಎಂದು ಕೇಳಿದ್ದಕ್ಕೆ ಮಾವ, ಓಡಲಿ ಬಿಡು ಎಂದರು.

ಇಷ್ಟನ್ನು ಬರೆದು ಗಿರಿಜೆಗೆ ಓದಲು ಕೊಟ್ಟೆ. ಪೂರ್ತಿ ಓದಿ, "ಚೆನ್ನಾಗಿದೆ. ಆದ್ರೆ ನೀವೆಲ್ಲಿದ್ರಿ ಅಲ್ಲಿ?" ಎಂದಳು. "ನೀರಿನ ಮೋಟರ್ ಸದ್ದು ವಿಡಿಯೊದಲ್ಲಿ ಬರುತ್ತೆ, ಯಾರೂ ಸ್ವಿಚ್ ಹಾಕದಂಗೆ ನೋಡ್ಕೊಳ್ಳಿ ಅಂತ ನಿಮ್ಮನ್ನ ಹಿತ್ತಲಿಗೆ ಕಳಿಸಿದ್ನಲ್ಲ. ಇದೆಲ್ಲ ರಾತ್ರಿ ನಾನು ಹೇಳಿದ್ದು ಕಣ್ರೀ."

ಇರಬಹುದು. ಬೇಲೂರಿನ ಗೆಳೆಯರಿಗೆ ಹೇಳುವಾಗ ಮಾತ್ರ ನಾನು ಮಾವನ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತೇನೆ.