ಡಾಕ್ಟರ ವಿಮೆಯೂ ನನ್ನ ಹೆಂಡತಿಯ ಉಡಿಯೂ

ನನ್ನ ಬಗ್ಗೆ ನೆಂಟರಲ್ಲಿ ಒಂದು ದೂರಿದೆ. ಯಾರು ಯಾವಾಗ ಏನಂದರೆಂಬುದನ್ನು ನಾನು ಮರೆಯುವುದಿಲ್ಲವಂತೆ. ಇದನ್ನು ದೋಷವೆಂದು ಎಣಿಸುವವರು ಅಂದವರೇ ಹೊರತು ಅನ್ನಿಸಿಕೊಂಡವರಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನನ್ನ ಸೇವಾವಧಿಯೆಲ್ಲ ವಿಮಾ ಕಚೇರಿಯಲ್ಲಿ ಕಳೆಯಿತು. ಆದೋನಿಯ ಹತ್ತಿ ಗಿರಣಿಗಳಿಗೆ ಬೆಂಕಿ ಬಿದ್ದಾಗ ಹೋಗಿ, ನಿಜವಾಗಿ ಸುಟ್ಟದ್ದೆಷ್ಟು, ಸುಟ್ಟಿತೆಂದು ಹೇಳುತ್ತಿರುವುದೆಷ್ಟು ಎಂದು ವಿಂಗಡಿಸುವುದು ನನ್ನ ಕೆಲಸವಾಗಿತ್ತು. ಅಂಥವನಿಗೆ ನೆನಪು ಸಡಿಲವಾದರೆ ಅನ್ನ ಹುಟ್ಟುವುದಿಲ್ಲ. ಹೆಂಡತಿಯ ಅಕ್ಕ, ಹೊಳಗುಂದದ ಸಿದ್ದಮ್ಮ, ನಮ್ಮ ಮದುವೆಯ ಹಂದರದಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ವರ ಒಣಗಿದ ಜ್ವಾಳದ ದಂಟಿನಂಗ ಅದಾನಲ್ಲವಾ" ಎಂದದ್ದು ಈಗಲೂ ಕಿವಿಯಲ್ಲಿದೆಯೆಂದರೆ ಅದು ವೃತ್ತಿಯ ಫಲವೇ ಹೊರತು ಸ್ವಭಾವದ್ದಲ್ಲ.

ದಂಟು ದಂಟಾಗಿಯೇ ಉಳಿಯಿತು. ನನ್ನ ಹೆಂಡತಿ ನೀಲಮ್ಮ ಮಾತ್ರ ವರ್ಷದಿಂದ ವರ್ಷಕ್ಕೆ ತೂಕ ಏರಿಸಿಕೊಂಡಳು. ತೂಕದ ಹಿಂದೆ ಸಕ್ಕರೆ ಕಾಯಿಲೆ ಬಂತು, ಅದರ ಹಿಂದೆ ಮೊಣಕಾಲು ನೋವು. ಕಳೆದ ವರ್ಷ ಕೌತಾಳಂ ಬಸ್ಸು ಹತ್ತಲು ಹೋದಾಗ ಕಂಡಕ್ಟರನು ಮೇಲಿನಿಂದ ಎಳೆದು, ನಾನು ಕೆಳಗಿನಿಂದ ಆಸರೆ ಕೊಟ್ಟು, ಒಟ್ಟು ಬಸ್ಸೇ ಅವಳನ್ನು ನೋಡುವಂತಾಯಿತು. ಬಸ್ಸಿನಲ್ಲಿ ಅವಳೂ ಎಲ್ಲರೊಂದಿಗೆ ನಕ್ಕಳು. ಮನೆಗೆ ಬಂದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿ, "ಇನ್ನ ನಾ ಎಲ್ಲಿಗೂ ಬರಂಗಿಲ್ರಿ" ಎಂದಳು. ಆ ಕಂಡಕ್ಟರನ ಮುಖ ನನಗೆ ಚೆನ್ನಾಗಿ ನೆನಪಿದೆ.

ಅವಳ ತಮ್ಮನ ಮಗಳು ವಾಣಿ ಡಾಕ್ಟರು. ಹೊಟ್ಟೆಯ ಚೀಲವನ್ನೇ ಕತ್ತರಿಸಿ, ಬಾಳೆಕಾಯಿಯಷ್ಟು ಮಾಡಿ ಹೊಲಿದು, ತೂಕ ಇಳಿಸುವ ಶಸ್ತ್ರಚಿಕಿತ್ಸೆ ಅವಳ ವಿದ್ಯೆ. ಕೊಯ್ಯಿಸಿಕೊಂಡರೆ ವಾಣಿಯ ಕೈಯಿಂದಲೇ ಎಂದು ನೀಲಮ್ಮ ಹಟ ಹಿಡಿದಳು. ಸ್ವಂತ ಅತ್ತೆಯ ಮೇಲೆ ಕತ್ತಿಯಾಡಿಸಲು ವಾಣಿ ಹಿಂಜರಿದಳು. ಅಂತೂ ಒಪ್ಪಿ, ಮನೆಮಂದಿಯೆಲ್ಲ ಕೂತಿದ್ದಾಗ ಎಲ್ಲವನ್ನೂ ವಿವರಿಸಿ, "ಏನಾರ ಕೇಳೋದೈತೇನು ಮಾವ?" ಎಂದಳು. ನಾನು ಕೇಳಿದೆ: "ನಿನಗೆ ವೃತ್ತಿ ಹೊಣೆಗಾರಿಕೆ ವಿಮೆ ಇದೆಯೇನಮ್ಮ?"

ನನ್ನ ಉದ್ದೇಶ ಶುದ್ಧವಾಗಿತ್ತು. ಡಾಕ್ಟರ ಕೈ ತಪ್ಪಿದರೆ ರೋಗಿಗೆ ಪರಿಹಾರ, ಡಾಕ್ಟರಿಗೆ ಉಸಿರು, ಎರಡನ್ನೂ ಕೊಡುವುದು ಆ ವಿಮೆಯೇ. ಅದರಲ್ಲಿಯೂ ತೂಕ ಇಳಿಸುವ ಚಿಕಿತ್ಸೆಯೆಂದರೆ ಕೆಲವು ಪಾಲಿಸಿಗಳು ಮುಖ ತಿರುಗಿಸುತ್ತವೆ. ಸೌಂದರ್ಯದ ಚಿಕಿತ್ಸೆಯ ಸಾಲಿಗೆ ಸೇರಿಸಿ ಹೊರಗಿಟ್ಟುಬಿಡುತ್ತವೆ. ಇಷ್ಟು ಹೇಳುವಷ್ಟರಲ್ಲಿ ನೀಲಮ್ಮ, "ನಾ ಸತ್ರ ಎಷ್ಟು ಬರತೈತಿ ಅಂತ ಕೇಳಾಕ ಹತ್ಯಾರ ನೋಡವಾ ಇವರು" ಎಂದು ಸೆರಗಿನಿಂದ ಮೂಗೊರೆಸಿಕೊಂಡಳು. ವಾಣಿಗೆ ಮಾತ್ರ ಸಿಟ್ಟು ಬರಲಿಲ್ಲ. "ಐತಿ ಮಾವ. ತೂಕದ ಆಪರೇಷನ್ನಿಗೆ ಬೇರೇನೇ ಬರೆಸೀನಿ" ಎಂದಳು. ಒಂದು ಲೋಪವನ್ನಾದರೂ ತೋರಿಸಿಕೊಡುವ ಅವಕಾಶ ತಪ್ಪಿದ್ದಕ್ಕೆ ನನಗೆ ಸ್ವಲ್ಪ ನಿರಾಸೆಯಾಯಿತೆಂದು ಮುಚ್ಚಿಡಲಾರೆ.

ಆಮೇಲೆ ಅವಳು ಇನ್ನೊಂದು ಮಾತು ಸೇರಿಸಿದಳು. "ನನ್ನ ಕೈ ತಪ್ಪಿದ್ರ ಕಂಪನಿ ನೋಡಕೊಂತೈತಿ. ನಮ್ಮ ಮಂದಿ ತಿನ್ನಿಸಿದ್ರ ಯಾರೂ ನೋಡಂಗಿಲ್ಲ. ಮೊದಲ ವಾರಗಳು ಬರೇ ನೀರು, ಗಂಜಿ ತಿಳಿ. ಗಟ್ಟಿದು ಒಂದು ಚೂರು ಹೋದ್ರೂ ಕಷ್ಟ. ನೀವೇ ಬಾಗಿಲದಾಗ ಕೂಡ್ರಿ ಮಾವ. ನಿಮ್ಮನ್ನ ದಾಟಿ ಯಾರೂ ಒಳಗ ಬರಂಗಿಲ್ಲ." ಮಾವನ ಗುಣವನ್ನು ಇಷ್ಟು ಸರಿಯಾಗಿ ಅರಿತ ಹುಡುಗಿ ನಮ್ಮ ಬಳಗದಲ್ಲಿ ಇನ್ನೊಬ್ಬಳಿಲ್ಲ.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ನೀಲಮ್ಮನನ್ನು ಮನೆಗೆ ತಂದು, ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ನಮ್ಮ ಕಡೆ ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಬರುವುದು ಮರ್ಯಾದೆಯಲ್ಲ. ಒಬ್ಬರು ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ ತಂದರು, ಇನ್ನೊಬ್ಬರು ಶೇಂಗಾ ಹೋಳಿಗೆ. ಚೀಲಗಳನ್ನು ಬಿಚ್ಚಿಸಿ, ಎಲ್ಲವನ್ನೂ ಹೊರಗಿನ ಕಟ್ಟೆಯ ಮೇಲೇ ಇಳಿಸಿಕೊಂಡೆ. ಹಾಳಾಗಬಾರದೆಂದು ಒಂದಿಷ್ಟು ನಾನೇ ತಿಂದೆ. ಬಂದವರಲ್ಲಿ ಹಿಂದೆ ನನಗೆ ಅಂದವರೂ ಅನೇಕರಿದ್ದರು. ಅವರ ಚೀಲಗಳನ್ನು ಇನ್ನಷ್ಟು ನಿಧಾನವಾಗಿ ನೋಡಿದೆ.

ಹೀಗಿರುವಾಗ ಹೊಳಗುಂದದಿಂದ ಸಿದ್ದಮ್ಮ ಬಂದಳು. ಚೀಲದಲ್ಲಿ ಒಂದು ಕುಪ್ಪಸದ ಕಣ, ಅಕ್ಕಿ, ಅರಿಶಿಣದ ಕೊಂಬು, ಎಲೆ ಅಡಿಕೆ, ಒಣಕೊಬ್ಬರಿ, ಬೆಲ್ಲ. "ಸಾವಿನ ಬಾಗಿಲಿಗೆ ಹೋಗಿ ಬಂದಾಳ ನನ್ನ ತಂಗಿ. ಉಡಿ ತುಂಬಬೇಕು" ಎಂದಳು. ಉಡಿ ತುಂಬುವುದೆಂದರೆ ಹೆಂಗಸರ ವಿಷಯ. ಸೆರಗಿಗೆ ಸುರಿದು ಹರಸುವ ಮಂಗಳದ್ರವ್ಯ. ಅದನ್ನು ಆಹಾರವೆಂದು ಎಣಿಸುವುದು ನನಗೆ ಹೊಳೆಯಲಿಲ್ಲ. ಆ ಹೊತ್ತಿನಲ್ಲಿ ಗಂಡಸು ಅಲ್ಲಿ ನಿಲ್ಲುವುದೂ ಸರಿಯಲ್ಲ. ಕುರ್ಚಿಯನ್ನು ನಾನೇ ಎತ್ತಿಕೊಂಡು ಅಂಗಳಕ್ಕೆ ಹೋದೆ.

ಮರುದಿನ ನೀಲಮ್ಮನಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು. ಕುಡಿದ ನೀರೂ ಉಳಿಯಲಿಲ್ಲ. ಆಸ್ಪತ್ರೆಗೆ ಒಯ್ದೆವು. ಔಷಧಿ ಕುಡಿಸಿ ಎಕ್ಸ್‌ರೇ ತೆಗೆದ ವಾಣಿ ಪಡಸಾಲೆಗೆ ಬಂದಾಗ ಅವಳ ಮುಖ ಬಿಳಿಚಿತ್ತು. "ಹೊಲಿಗಿ ಬಿಟ್ಟಿಲ್ಲ ಮಾವ. ಆದರ ನೀರು ಕೆಳಗ ಇಳೀವಲ್ದು. ದಾರೀನ ಇಕ್ಕಟ್ಟು ಮಾಡಿಬಿಟ್ಟೀನಿ ಅನಸ್ತೈತಿ. ಮತ್ತ ಕೊಯ್ಯಬೇಕಾದ್ರ ಹೈದರಾಬಾದಿಗೆ ಕರಕೊಂಡು ಹೋಗ್ರಿ, ನಾ ಮುಟ್ಟಂಗಿಲ್ಲ. ಈ ಆಪರೇಷನ್ನೇ ಇನ್ನ ಮಾಡಂಗಿಲ್ಲ." ಪಕ್ಕದಲ್ಲಿದ್ದ ಸಿದ್ದಮ್ಮನ ಮಗ, ಹತ್ತಿ ದಲಾಲಿ ಮಾಡುವ ಮಲ್ಲಿಕಾರ್ಜುನ, ವಾಣಿ ಅತ್ತ ಗೋಡೆಯ ಕಡೆ ಸರಿದ ಕೂಡಲೇ ಚಿಕ್ಕಪ್ಪನಾದ ನನ್ನ ಕಿವಿಗೆ ಬಾಗಿದ. "ಕೇಸು ಹಾಕ್ರಿ ಸಣ್ಣಪ್ಪ. ನೀವೇ ಹೇಳಿದ್ರಲ್ಲ, ವಿಮೆ ಐತಿ ಅಂತ. ಕೊಡೋದು ಕಂಪನಿ. ವಾಣಿಗೇನು ನಷ್ಟ?" ನಮ್ಮವರ ಪ್ರೀತಿಯ ರೀತಿ ಇದು. ವಿಮೆ ಇದೆಯೆಂದು ತಿಳಿದ ಮೇಲೆ ಯಾರ ಮೇಲೂ ದಾವೆ ಹೂಡಲು ದಾಕ್ಷಿಣ್ಯವಿಲ್ಲ. ವಿಮೆಯ ವಿಷಯವನ್ನು ಊರಿಗೆಲ್ಲ ಸಾರಿದವನು ನಾನೇ ಎಂಬುದನ್ನು ಅವನು ನೆನಪಿಸುವ ಅಗತ್ಯವಿರಲಿಲ್ಲ.

ನಾನು ಒಳಗೆ ಹೋಗಿ ನೀಲಮ್ಮನ ಪಕ್ಕದಲ್ಲಿ ಕೂತೆ. ಗ್ಲುಕೋಸು ಹಚ್ಚಿದ ಕೈಯಿಂದ ನನ್ನ ಬೆರಳು ಹಿಡಿದು ಅವಳು ಮೆಲ್ಲಗೆ ಹೇಳಿದಳು: "ವಾಣಿ ತಪ್ಪಿಲ್ರಿ. ಅಕ್ಕ ಉಡಿ ತುಂಬಿ, ಬಾಯಾಗ ಕೊಬ್ರಿ ಬೆಲ್ಲ ಇಟ್ಟಳು. ಉಡಿ ಕೊಬ್ರಿ ಉಗುಳಬೇಕಿತ್ತೇನು? ದೊಡ್ಡ ಚೂರೇ ಇತ್ತು, ನುಂಗಿಬಿಟ್ಟೆ. ಅಕ್ಕನ ಹೆಸರು ಹೇಳಬ್ಯಾಡ್ರಿ. ಆಕಿ ಎದಿ ಒಡಕೊಂತಾಳ." ಸಿದ್ದಮ್ಮನ ತಪ್ಪು ಸಾಕ್ಷಿಸಮೇತ ನನ್ನ ಕೈಗೆ ಸಿಕ್ಕಿದ್ದು ಅದೇ ಮೊದಲು. ಇಷ್ಟು ವರ್ಷ ಕಾದ ಮೇಲೆ ಅಂಥದನ್ನು ಬಿಟ್ಟುಕೊಡುವುದು ಎಷ್ಟು ಕಷ್ಟವೆಂದು ನೆನಪಿನ ಶಕ್ತಿಯುಳ್ಳವರಿಗೆ ಗೊತ್ತು. ಆದರೆ ನೀಲಮ್ಮ ನನ್ನ ಬೆರಳು ಬಿಡಲಿಲ್ಲ. ಹೊರಗೆ ಗೋಡೆಗೆ ಒರಗಿ ನಿಂತ ಹುಡುಗಿ ತನ್ನ ವಿದ್ಯೆಯನ್ನೇ ಕೈಬಿಡಲು ಹೊರಟಿದ್ದಳು.

ಹೊರಬಂದು, ಎಲ್ಲರ ಎದುರಿಗೆ ಹೇಳಿದೆ: "ವಾಣಿ, ನಿನ್ನ ಹೊಲಿಗೆ ಸರಿಯಾಗಿದೆ. ಒಳಗೆ ಒಣಕೊಬ್ಬರಿಯ ಚೂರು ಸಿಕ್ಕಿಕೊಂಡಿದೆ. ಅವಳು ಬೇಡಿದಳೆಂದು ಮರುಗಿ ನಾನೇ ತಿನ್ನಿಸಿದೆ."

ವಾಣಿ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. "ನೀವು ತಿನ್ನಿಸಿದ್ರ್ಯಾ ಮಾವ?" ಎಂದಳು. ಆ ಪ್ರಶ್ನೆಯಲ್ಲಿ ನಂಬಿಕೆ ಸ್ವಲ್ಪವೂ ಇರಲಿಲ್ಲ. ಆದರೆ ಅವಳ ಮುಖಕ್ಕೆ ರಕ್ತ ಮರಳಿತು. ಬಾಯಿಂದ ಕೊಳವೆ ಇಳಿಸಿ ಚೂರನ್ನು ಹೊರತೆಗೆದು, "ಪರವಾಲೇದು ಮಾವ, ಅತ್ತಿ ಆರಾಮ" ಎಂದು ತೆಲುಗು ಬೆರೆಸಿ ಬಂದು ಹೇಳಿದಾಗ ಅವಳ ಕಣ್ಣು ಒದ್ದೆಯಾಗಿತ್ತು. ಮಲ್ಲಿಕಾರ್ಜುನ ಮಾತ್ರ ಯೋಚನೆಗೆ ಬಿದ್ದ. "ಹಂಗಾದ್ರ ಕೇಸು ನಿಮ್ಮ ಮ್ಯಾಲೇ ಹಾಕಬೇಕಾಗತೈತಿ ಸಣ್ಣಪ್ಪ. ನಿಮಗ ವಿಮೆ ಐತೇನು?"

ಈಗ ನೀಲಮ್ಮ ಹಗುರಾಗಿದ್ದಾಳೆ. ಕೌತಾಳಂ ಬಸ್ಸನ್ನು ತಾನೇ ಹತ್ತಿ, ನಾನು ಹತ್ತುವುದು ತಡವಾದರೆ ಮೇಲಿನಿಂದ ಕೈ ಕೊಡುತ್ತಾಳೆ. ವಾಣಿಯ ಬಳಿ ಹೊಸ ರೋಗಿಗಳು ಬರುತ್ತಾರೆ. ಸಿದ್ದಮ್ಮನೂ ಬರುತ್ತಾಳೆ. ಅವಳ ಲೆಕ್ಕದಲ್ಲಿಯೂ ಉಡಿಯ ಕೊಬ್ಬರಿ ಆಹಾರವಲ್ಲ. ಬಂದಾಗಲೆಲ್ಲ ತಂಗಿಯ ತಟ್ಟೆಯನ್ನು ನನ್ನಿಂದ ದೂರ ಎಳೆದಿಟ್ಟು, ಕೂತವರಿಗೆಲ್ಲ ಕೇಳುವಂತೆ, "ಇವರನ್ನ ಆ ಕಡೆ ಕೂಡಸ್ರವಾ. ಇಷ್ಟು ಓದಿದ ಮನುಷ್ಯಾಗ ಹೆಂಡ್ತೀಗೆ ಏನು ತಿನ್ನಿಸಬೇಕು ಅನ್ನೋದು ಗೊತ್ತಿಲ್ಲ" ಎನ್ನುತ್ತಾಳೆ. ನಾನು ಎದ್ದು ಆ ಕಡೆ ಹೋಗಿ ಕೂರುತ್ತೇನೆ. ನೀಲಮ್ಮ ತಲೆ ಬಗ್ಗಿಸಿಕೊಂಡು, ನಗುವಿಗೆ ತುತ್ತನ್ನು ಅಡ್ಡ ಹಿಡಿದು ಉಣ್ಣುತ್ತಾಳೆ. ನನಗೆ ಬಂದ ಉಳಿದ ಚುಚ್ಚುಮಾತುಗಳೆಲ್ಲ ಬೇಡದೆಯೇ ಬಂದವು. ಇದೊಂದನ್ನು ಮಾತ್ರ ನಾನೇ ಬೇಡಿ ಪಡೆದೆ. ಅದರ ವಿಮಾ ಕಂತು ಸಿದ್ದಮ್ಮ ಬಂದಾಗಲೆಲ್ಲ ಕಟ್ಟುತ್ತಿದ್ದೇನೆ.