ಬಹಿರ್ಮುಖಿ ಚಿಕ್ಕಮ್ಮನ ಮೂರು ಪ್ರಶ್ನೆ

ನಮ್ಮ ಚಿಕ್ಕಮ್ಮ ಇದ್ದ ಕಡೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೂ ನಾನು ಬರೆಯುತ್ತಿರುವುದು ಮೊದಲ ಸಲ, ಬಿಡಿಸಿ ಹೇಳಿದರೆ ಒಳ್ಳೆಯದು. ಚಿತ್ರದುರ್ಗದ ಮನೆಯಲ್ಲಿ ನಾವಿಬ್ಬರೇ ಇರುವುದು.

ಬಸ್ಸು

ಹೊಳಲ್ಕೆರೆ ಬಸ್ಸಿನಲ್ಲಿ ಪಕ್ಕದಾಕೆಯನ್ನು ಚಿಕ್ಕಮ್ಮ ಕೇಳಿದರು: "ಯಾವೂರಮ್ಮ ನಿಮ್ದು?"

"ದುರ್ಗ."

"ಅದಲ್ಲ, ಸ್ವಂತ ಊರು?"

"ಹೊಳಲ್ಕೆರೆ ತಾಲ್ಲೂಕು ಬಿ.ದುರ್ಗ."

"ಅಲ್ಲಿ ಯಾರ ಮನೆ?"

ಮೂರನೇ ಪ್ರಶ್ನೆಗೆ ನೆಂಟಸ್ತನ ಸಿಕ್ಕಿತು. ನಾನು ಆಕೆಯ ಮೊಮ್ಮಗನಿಗೆ ಮಾವನಾದೆ. ಅಷ್ಟರಲ್ಲಿ ನಾವು ಇಳಿಯಬೇಕಾದ ಸ್ಟಾಪು ದಾಟಿತ್ತು.

ಪದ

"ನಿಮ್ಮಂಥೋರಿಗೆ ಬಹಿರ್ಮುಖಿ ಅಂತಾರೆ" ಎಂದು ರೇಗಿದೆ.

"ಬೈತೀಯೇನಲೇ?"

"ಇಲ್ಲ ಚಿಕ್ಕಮ್ಮ, ಸಂಸ್ಕೃತ. ಬಹಿಃ ಅಂದ್ರೆ ಹೊರಗೆ. ಮುಖ ಅಂದ್ರೆ ಮುಖಾನೇ. ಹೊರಗಡೆಗೆ ಮುಖ ಮಾಡಿದೋರು. ಇಂಗ್ಲಿಷಿನ ಎಕ್ಸ್‌ಟ್ರೋವರ್ಟ್ ಲ್ಯಾಟಿನ್‌ನಿಂದ ಬಂದದ್ದು, ಅದಕ್ಕೂ ಹೊರಕ್ಕೆ ತಿರುಗಿದೋರು ಅಂತಾನೇ ಅರ್ಥ."

"ಮುಖ ಮನೇಲಿಟ್ಟು ಸಂತೆಗೆ ಹೋಗಾಕಾಗ್ತೈತೇನಲೇ?"

ಗೋಡೆ

ಆಮೇಲೆ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಡಾಕ್ಟರು ವಿಶ್ರಾಂತಿ ಬೇಕು ಎಂದರು. ವಿಶ್ರಾಂತಿ ಎಂದರೆ ನಿಶ್ಶಬ್ದ ಎಂದು ತಿಳಿದ ನಾನು, ಗೋಡೆ ಕಡೆ ಮುಖ ಬರುವಂತೆ ಮಂಚ ಹಾಕಿ, ನೋಡಲು ಬಂದವರನ್ನೆಲ್ಲ ಬಾಗಿಲಲ್ಲೇ ಕಳಿಸಿದೆ. ಮಾತು ಕಲಿಸಲು ಬರುತ್ತಿದ್ದ ಮೇಡಂ "ಅಮ್ಮ ಅನ್ನಿ, ನೀರು ಅನ್ನಿ" ಎಂದು ಮೂರು ತಿಂಗಳು ಹೇಳಿದರು. ಒಂದಕ್ಷರವೂ ಹೊರಡಲಿಲ್ಲ. ಇನ್ನು ಆ ದನಿ ಕೇಳುವುದೇ ಇಲ್ಲವೇನೋ ಎಂದು ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ.

ಪಕ್ಕದ ಮನೆಯ ಅಜ್ಜಿಗೆ ಸಿಟ್ಟು ಬಂತು. "ಹಿಂಗೆ ಬಾಗ್ಲು ಹಾಕ್ಕಳೋನಿಗೆ ಏನಂತಾರಪ್ಪ ನಿನ್ ಸಂಸ್ಕೃತದಾಗೆ?"

ಅಂತರ್ಮುಖಿ ಎಂದು ಅರ್ಥಸಹಿತ ವಿವರಿಸಿದೆ.

ಬಾಗಿಲು

ಗೋಡೆಗೆ ಸುಣ್ಣ ಹೊಡೆಸಬೇಕಾಗಿ ಬಂತು. ಮಂಚವನ್ನು ಬಾಗಿಲ ಹತ್ತಿರ ಎಳೆದು, ಚಿಕ್ಕಮ್ಮನನ್ನು ಬೀದಿ ಕಡೆ ತಿರುಗಿಸಿ ಕೂರಿಸಿದೆ. ಗ್ಯಾಸ್ ಸಿಲಿಂಡರ್ ಹೊತ್ತ ಹೊಸಬನೊಬ್ಬ ಬಂದು ಎದುರಿಗೆ ನಿಂತ. ಚಿಕ್ಕಮ್ಮನ ತುಟಿ ಅಲುಗಿತು.

"ಯಾ... ವೂ... ರಪ್ಪ?"

ಆತ ಸಿಲಿಂಡರ್ ಇಳಿಸುತ್ತ, "ದುರ್ಗಾನೇ ಅಜ್ಜಿ" ಎಂದ.

"ಅ... ದಲ್ಲ. ಸ್ವಂ... ತ ಊರು?"

"ಹಿರಿಯೂರು ಕಡೆ, ಆದಿವಾಲ" ಎಂದವನು ಖಾಲಿ ಸಿಲಿಂಡರ್ ಹೆಗಲಿಗೇರಿಸಿ ಹೊರಟ.

ನಾನು ಅಳುತ್ತಲೇ ಓಡಿಹೋಗಿ ಅವನ ಕೈ ಹಿಡಿದುಕೊಂಡೆ.

"ಹೋಗಬ್ಯಾಡ್ರಿ, ಕುಂತ್ಕಳ್ರಿ! ಇನ್ನೂ ಒಂದು ಪ್ರಶ್ನೆ ಐತೆ!"