ಇಪ್ಪತ್ತಾರು ಪುಟದ ಮರ್ಯಾದೆ

ಒಂಬತ್ತು ಪುಟದ ಪ್ರಬಂಧವನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಬೆಳಿಗ್ಗೆ ಚಹಾ ಕುಡಿಯಲು ಹೋದದ್ದೇ ಗವಿಸಿದ್ದಪ್ಪ ಮಾಡಿದ ತಪ್ಪು. ಬಳ್ಳಾರಿಯ ಆ ಕಾಲೇಜಿನಲ್ಲಿ ಅವನು ಮೂರು ವರ್ಷದಿಂದ ಹಂಗಾಮಿ ಲೆಕ್ಚರರ್. ಅಂದು ಸಂಜೆ ನಾಲ್ಕಕ್ಕೆ ಸಂದರ್ಶನ. ಪ್ರಬಂಧ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಅಂದಿಗೇ ಮುಗಿಯಿತು. ನೋಡುವವರು ಪ್ರಿನ್ಸಿಪಾಲರು ಮತ್ತು ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಪ್ರೊಫೆಸರ್.

ಬರೆದದ್ದು ಸಿರುಗುಪ್ಪದ ಕಾಲುವೆ ನೀರಿನ ಬಗ್ಗೆ. ಆ ತಾಲ್ಲೂಕಿನ ಕರೂರಿನಲ್ಲಿ ಹುಟ್ಟಿದವನು, ಕಂಡದ್ದನ್ನೇ ಬರೆದಿದ್ದ: ನೀರು ಮೇಲಿನ ಗದ್ದೆಗೆ ಮೊದಲು ಬರುತ್ತದೆ. ಕೆಳಗಿನ ಗದ್ದೆಗೆ ಬರುವುದೇ ಇಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೂ ವಾಕ್ಯಗಳು ಇಷ್ಟೇ ಗಿಡ್ಡ.

ತಿರುಗಿ ಬಂದಾಗ ಇಂಗ್ಲಿಷ್ ವಿಭಾಗದ ಹಿರಿಯ ಚಿದಾನಂದಪ್ಪನವರು ಕೆಂಪು ಪೆನ್ನು ಹಿಡಿದು ಕೂತಿದ್ದರು.

"ಏನಪ್ಪಾ ಇದು, ಮೂರನೇ ಕ್ಲಾಸಿನ ಹುಡುಗ್ರು ಬರದಂಗೈತಿ? ಇಂಗ್ಲಿಷಿನವ್ರ ಮುಂದ ಬರೇ ಬನೀನಿನ್ಯಾಗ ಹೋಗ್ತಿಯೇನು?"

"ಅರ್ಥ ಆಗ್ತೈತಲ್ರಿ ಸರ್..."

"ಅರ್ಥ ಆದ್ರ ಮರ್ಯಾದಿ ಎಲ್ಲಿ ಉಳೀತೈತಿ?"

ಐದು ವಾಕ್ಯ ಸೇರಿ ಒಂದಾಯಿತು. ಇತಿಹಾಸದ ವೀರಭದ್ರಮ್ಮ ಮೇಡಂ ಇಣುಕಿ, "ಅಯ್ಯ, ರೋಮಿನ ಕಾಲುವಿ ಸುದ್ದೀನ ಇಲ್ಲಲ್ಲ!" ಎಂದು, ಮದುವೆ ಪಂಕ್ತಿಯಲ್ಲಿ ಬಡಿಸುವವರಂತೆ, ಎಲೆಗೆ ಕೈ ಅಡ್ಡ ಹಿಡಿದರೂ ಕೇಳದೆ ಎರಡು ಸೌಟು ಲ್ಯಾಟಿನ್ ಸುರಿದರು. ಟೈಪಿಸ್ಟ್ ದುರುಗಪ್ಪನೂ ಸುಮ್ಮನಿರಲಿಲ್ಲ. "ಸಾಲು ಅರ್ಧಕ್ಕ ನಿಂತ್ರ ಚೆಂದ ಕಾಣಂಗಿಲ್ರಿ ಸರ್," ಎಂದು ಹಿಂದೆ ವಕೀಲರ ಬಳಿ ಕಲಿತ ಮಾತುಗಳನ್ನೆಲ್ಲ ತುಂಬಿದ. ಬೇಡವೆನ್ನಲು ಗವಿಸಿದ್ದಪ್ಪನಿಗೆ ಬಾಯಿ ಬರಲಿಲ್ಲ. ಕಾಯಂ ಆಗದವನಿಗೆ ಕಾಯಂ ಆದವರೆಲ್ಲ ದೊಡ್ಡವರೇ.

ಮೂರೂವರೆಗೆ ಪ್ರಬಂಧ ಇಪ್ಪತ್ತಾರು ಪುಟವಾಗಿತ್ತು. ಮೊದಲ ಪೂರ್ಣವಿರಾಮ ಮೂರನೇ ಪುಟದಲ್ಲಿತ್ತು.

ಪ್ರೊಫೆಸರ್ ಒಂದು ಪುಟ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಇದು ನನ್ನ ತಾಯ್ನುಡಿ. ಆದರೂ ತಿಳಿಯುತ್ತಿಲ್ಲ. ಇದರಲ್ಲಿ ಏನು ಹೇಳಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಗವಿಸಿದ್ದಪ್ಪನಿಗೂ ತಿಳಿದಿರಲಿಲ್ಲ. ತನ್ನ ಗಿಡ್ಡ ವಾಕ್ಯಗಳನ್ನೇ ಒಂದೊಂದಾಗಿ ಹೇಳಿದ. ಪ್ರೊಫೆಸರರ ಮುಖ ಅರಳಿತು. "ನಾವೂ ಹೀಗೇ ಬರೆಯುವುದು! ಒಳ್ಳೆಯ ಕೆಲಸ!" ಎಂದು ಎದ್ದು ಕೈ ಕುಲುಕಿದರು. ಗವಿಸಿದ್ದಪ್ಪ ಆ ಕೈಯನ್ನು ಬಿಡಲು ಮರೆತ.

ಪ್ರಿನ್ಸಿಪಾಲರು ಕೆಮ್ಮಿದರು. "ಬಾಯಾಗ ಹಿಂಗ, ಕಾಗದದಾಗ ಹಂಗ. ಇದನ್ನ ಬರದವ್ರು ಯಾರ್ರೀ?"

"ನಾನೇ ಬರದೀನ್ರಿ ಸರ್."

ಬಾಗಿಲ ಹೊರಗೆ ಕಿವಿಗೊಟ್ಟು ನಿಂತವರಿಗೆ 'ಒಳ್ಳೆಯ ಕೆಲಸ' ಎಂದದ್ದು ಕೇಳಿಸಿತ್ತು. ಚಿದಾನಂದಪ್ಪನವರು ಬಾಗಿಲು ದೂಡಿಕೊಂಡೇ ಒಳಗೆ ಬಂದರು.

"ಸುಳ್ಳು ಹೇಳಬ್ಯಾಡಪ್ಪಾ. ಮೊದಲ ಹದಿನಾಲ್ಕು ಪುಟ ನಂದು ಸರ್!"

"ಲ್ಯಾಟಿನ್ನೆಲ್ಲಾ ನಂದ್ರೀ," ಎಂದರು ವೀರಭದ್ರಮ್ಮ.

ಹಿಂದಿನಿಂದ ದುರುಗಪ್ಪ ಕೈ ಎತ್ತಿದ. "ಉಳಿದದ್ದು ಬಡವಂದ್ರೀ ಸರ್."

ಪ್ರಿನ್ಸಿಪಾಲರು ಫೈಲು ಮುಚ್ಚಿದರು.

ಗೇಟು ದಾಟುವ ಮೊದಲೇ ಗುಮಾಸ್ತ ಓಡಿಬಂದು ಗವಿಸಿದ್ದಪ್ಪನ ಕೈಗೆ ಆದೇಶ ಕೊಟ್ಟ. ಇಂಗ್ಲಿಷಿನಲ್ಲಿ ಒಂದೇ ಸಾಲು: ನಾಳೆಯಿಂದ ಬರಬೇಕಾಗಿಲ್ಲ. ಓದಿದ ಕೂಡಲೇ ಅರ್ಥವಾಯಿತು.